ಚಂದಾ ಒಂದು ಪೌಂಡ್ ಜಾಸ್ತಿ ಮಾಡುತ್ತಿದ್ದೇವೆ

ಪ್ರಿಯ ಚಂದಾದಾರರೇ,

ನಮಸ್ಕಾರ. ಸುತ್ತಿ ಬಳಸದೆ ಹೇಳಿಬಿಡುತ್ತೇವೆ. ಬರುವ ತಿಂಗಳಿಂದ ನಮ್ಮ ಕನ್ನಡ ಸುದ್ದಿಪತ್ರದ ಚಂದಾ ತಿಂಗಳಿಗೆ 2 ಪೌಂಡ್ ಇದ್ದದ್ದು 3 ಪೌಂಡ್ ಆಗುತ್ತದೆ. ಆ ಒಂದು ಪೌಂಡ್ ನಮ್ಮ ನಾಲ್ವರ ಜೇಬಿಗೆ ಬರುವುದಿಲ್ಲ. ವೇಲ್ಸ್‌ನ ಸ್ವಂತ ಭಾಷೆಯಾದ ವೆಲ್ಷ್‌ನ ಪತ್ರಿಕೆಗಳನ್ನು ದುಡ್ಡು ಕೊಟ್ಟು ತರಿಸಲು ಹೋಗುತ್ತದೆ.

ಹಾಗಾದರೆ ಇಷ್ಟು ದಿನ ಕೊಳ್ಳುತ್ತಿರಲಿಲ್ಲವಾ ಅಂತ ಕೇಳುತ್ತೀರಿ. ಇಲ್ಲ. ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ ಕೂತು ಗೊಲುಗ್ 360 ಅನ್ನೋ ವೆಲ್ಷ್ ಸುದ್ದಿ ವೆಬ್‌ಸೈಟ್, ಬಿಬಿಸಿಯ ವೆಲ್ಷ್ ಪುಟ ಎರಡನ್ನೂ ಫೋನಿನಲ್ಲೇ ಪುಕ್ಕಟೆ ಓದಿ, ನಮ್ಮ ಮಾತಲ್ಲಿ ಬರೆದು ನಿಮಗೆ ಕಳಿಸುತ್ತಿದ್ದೆವು. ಅದು ಪುಕ್ಕಟೆ ಸಿಗುವುದೇ ಜನರ ದುಡ್ಡಿನಿಂದ ಅನ್ನೋದು ನಮ್ಮ ತಲೆಗೆ ಹೋಗಿರಲಿಲ್ಲ.

ಗೊಲುಗ್ 360 ಹುಟ್ಟಿದ ಕತೆಯನ್ನೇ ನೋಡಿ. ಬೆಳಗ್ಗೆ ಎದ್ದರೆ ನಾಲ್ಕೈದು ಕನ್ನಡ ದಿನಪತ್ರಿಕೆ ಸಿಗುವ ಊರುಗಳಿಂದ ಬಂದವರು ನಾವು. ವೆಲ್ಷ್‌ನಲ್ಲಿ ಇವತ್ತಿಗೂ ಅಚ್ಚಿನ ದಿನಪತ್ರಿಕೆ ಒಂದೂ ಇಲ್ಲ. 'ಅ ಬೀಡ್', ಅಂದರೆ 'ಜಗತ್ತು' ಅನ್ನೋ ಹೆಸರಲ್ಲಿ ಒಂದನ್ನು ತರಬೇಕು ಅಂತ ವರ್ಷಗಟ್ಟಲೆ ಓಡಾಡಿದರು, ಜನ ಷೇರೂ ಕೊಂಡರು. 2007ರಲ್ಲಿ ವೇಲ್ಸ್‌ನಲ್ಲಿ ಬಂದ ಮೈತ್ರಿ ಸರ್ಕಾರ ತನ್ನ ಒಪ್ಪಂದದಲ್ಲೇ ವೆಲ್ಷ್ ದಿನಪತ್ರಿಕೆಯ ಮಾತು ಕೊಟ್ಟಿತ್ತು. ಕೊನೆಗೆ ಕೊಡುತ್ತೇವೆ ಅಂದದ್ದು ವರ್ಷಕ್ಕೆ 2 ಲಕ್ಷ ಪೌಂಡ್, ಅಷ್ಟರಲ್ಲಿ ದಿನಪತ್ರಿಕೆ ನಡೆಯಲ್ಲ ಅಂತ 2008ರ ಫೆಬ್ರವರಿಯಲ್ಲಿ ಯೋಜನೆ ಕೈಬಿಟ್ಟರು. ಆ ದುಡ್ಡಿಗೆ ಮತ್ತೆ ಟೆಂಡರ್ ಕರೆದಾಗ ಸಿಕ್ಕಿದ್ದು 1988ರಿಂದ ವಾರಪತ್ರಿಕೆ ನಡೆಸುತ್ತಿದ್ದ ಗೊಲುಗ್‌ನವರಿಗೆ. ಅವರ ವೆಬ್‌ಸೈಟ್ 2009ರ ಮೇನಲ್ಲಿ ಶುರುವಾಯಿತು. ದಿನಪತ್ರಿಕೆ ಕೇಳಿದವರಿಗೆ ವೆಬ್‌ಸೈಟ್ ಸಿಕ್ಕಿತು. ಆದರೂ ಅದಿಲ್ಲದಿದ್ದರೆ ನಮ್ಮ ಸುದ್ದಿಪತ್ರವೂ ಇರುತ್ತಿರಲಿಲ್ಲ.

ಸರ್ಕಾರದ ದುಡ್ಡು ತಿಂದವರು ಸರ್ಕಾರದ ತುತ್ತೂರಿ ಊದಲ್ವಾ ಅಂತ ಒಬ್ಬರು ಬರೆದಿದ್ದರು. ಒಳ್ಳೆ ಪ್ರಶ್ನೆ. ಅದಕ್ಕೇ ಮಂತ್ರಿಗಳು ನೇರವಾಗಿ ಕೊಡುವುದಿಲ್ಲ, ಆಬರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ಪುಸ್ತಕ ಮಂಡಳಿಯ ಕೈಯಿಂದ ಹಂಚಿಸುತ್ತಾರೆ. ನಮಗೆ ಚಿಂತೆ ತುತ್ತೂರಿಯದ್ದಲ್ಲ, ಆ ಅನುದಾನದ ಪಾತ್ರೆ ತೀರಾ ಸಣ್ಣದು ಅನ್ನೋದು. 2021ರ ಜನಗಣತಿ ಪ್ರಕಾರ ವೆಲ್ಷ್ ಆಡುವವರು ಸುಮಾರು 5.38 ಲಕ್ಷ, ಹೆಚ್ಚುಕಡಿಮೆ ಒಂದು ಮಂಗಳೂರು ಅನ್ನಿ. ಅಷ್ಟು ಜನರನ್ನು ನಂಬಿ ಯಾವ ಜಾಹೀರಾತುದಾರ ಬರುತ್ತಾನೆ? (ನೀವೂ ಅನುದಾನಕ್ಕೆ ಅರ್ಜಿ ಹಾಕಿ ಅಂದವರಿಗೆ: ಬೇಡ, ಆ ಪಾತ್ರೆಗೆ ನಮ್ಮ ಸೌಟು ಹಾಕುವುದಿಲ್ಲ.)

ಮನಸ್ಸು ಬದಲಾದದ್ದು ಮಾತ್ರ ಈ ಲೆಕ್ಕಗಳಿಂದಲ್ಲ. ಇಲ್ಲಿ 'ಪಾಪಿರ್ ಬ್ರೋ' ಅಂತ ಊರ ಪತ್ರಿಕೆಗಳಿವೆ. 1973ರಲ್ಲಿ ಕಾರ್ಡಿಫ್‌ನ 'ಅ ದಿನೆಸಿದ್'ನಿಂದ ಶುರು, ಈಗ ಐವತ್ತಕ್ಕೂ ಹೆಚ್ಚು. ಬಹುಪಾಲು ಸಂಬಳವಿಲ್ಲದ ಕೆಲಸ. ಅಂಥ ಒಂದು ಪತ್ರಿಕೆ ಮಡಚುವ ಸಂಜೆಗೆ ನಮ್ಮಲ್ಲಿಬ್ಬರು ಹೋಗಿದ್ದರು. ಚರ್ಚಿನ ಪಕ್ಕದ ಕೋಣೆ, ಉದ್ದದ ಮೇಜು, ಟೀ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹಾಳೆ ಮಡಚಿ ಹೆಬ್ಬೆರಳಿಂದ ಗೀರು ಎಳೆದು ಪಕ್ಕಕ್ಕೆ ತಳ್ಳುತ್ತಿದ್ದರು, ಬೆರಳ ತುದಿಯೆಲ್ಲ ಕಪ್ಪು. ಯಾರು ತೀರಿಕೊಂಡರು, ಯಾರ ಮಗು ಹುಟ್ಟಿತು, ಶಾಲೆ ಮುಚ್ಚುತ್ತಾರಾ ಅನ್ನೋ ಸುದ್ದಿ ಅದರಲ್ಲಿ. ನಮ್ಮವರು ಹೊರಡುವಾಗ ಆ ಅಜ್ಜಿ ಒಂದು ಪ್ರತಿ ಕೈಗಿಟ್ಟು, ದುಡ್ಡು ಬೇಡ ಅಂದರಂತೆ. ತುಂಬಾ ನಾಚಿಕೆಯಾಯಿತು.

ಅದಕ್ಕೇ ಈಗ ಗೊಲುಗ್ ವಾರಪತ್ರಿಕೆಗೂ ಮೂರು ಊರ ಪತ್ರಿಕೆಗೂ ಚಂದಾ ಕಟ್ಟುತ್ತಿದ್ದೇವೆ. ನಿಮಗೆ ಊರ ಸುದ್ದಿಯೂ ಬರುತ್ತದೆ.

ವರ್ಷದ ಚಂದಾ ಮೊದಲೇ ಕಟ್ಟಿದವರಿಗೆ ಅವಧಿ ಮುಗಿಯುವ ತನಕ ಹಳೇ ದರವೇ. ವಿದ್ಯಾರ್ಥಿಗಳಿಗೂ 2 ಪೌಂಡೇ. ಬೇಡ ಅನಿಸಿದವರು ಈ ಮೇಲ್‌ಗೆ 'ಸಾಕು' ಅಂತ ಬರೆದರೆ ಸಾಕು, ನಾವು ಮುನಿಸಿಕೊಳ್ಳುವುದಿಲ್ಲ. ನಾವು ಓದಿ ಮುಗಿಸಿದ ಪತ್ರಿಕೆ ಬೇಕಿದ್ದವರು ವಿಳಾಸ ಕಳಿಸಿ, ಅಂಚೆ ಖರ್ಚು ನಮ್ಮದು.

ಇಂತಿ,
ನಿಮ್ಮ ನಾಲ್ವರು