ಓದುವ ಮಕ್ಕಳಿದ್ದಾರೆ, ಕನ್ನಡದಲ್ಲಿ ಕಥೆ ಎಲ್ಲಿದೆ?

ಮಾನ್ಯ ಸಂಪಾದಕರೇ,

ಈಗಿನ ಮಕ್ಕಳು ಮೊಬೈಲಿನಲ್ಲೇ ಮುಳುಗಿದ್ದಾರೆ, ವೈಜ್ಞಾನಿಕ ಕಥೆ ಕಾದಂಬರಿಗಳ ಕಾಲ ಮುಗಿಯಿತು ಎಂದು ತಮ್ಮ ಭಾನುವಾರದ ಪುರವಣಿಯಲ್ಲಿ ಲೇಖಕರೊಬ್ಬರು ಮರುಗಿದ್ದಾರೆ. ಅವರ ಕಳಕಳಿಯ ಬಗ್ಗೆ ತಕರಾರಿಲ್ಲ, ಆದರೆ ದೂರು ತಪ್ಪು ವಿಳಾಸಕ್ಕೆ ಹೋಗಿದೆ. ಗದಗಿನ ಮುಳಗುಂದ ನಾಕಾದ ಬಳಿ ನಮ್ಮ ತಂದೆ ತೆರೆದ ಬಾಡಿಗೆ ಪುಸ್ತಕದ ಅಂಗಡಿಯನ್ನು ಕೊನೆಯವರೆಗೂ ನಡೆಸಿ, ನಾನೇ ಅದರ ಬಾಗಿಲು ಹಾಕಿದೆ. ಯಾರು ಏನನ್ನು ಓದಿದರು, ಯಾವಾಗ ಬಿಟ್ಟರು ಎಂಬುದನ್ನು ಗಲ್ಲೆಯ ಮುಂದೆ ಕುಳಿತು ನೋಡಿದವನ ಮಾತೂ ಒಂದಿಷ್ಟು ಇರಲಿ.

ಪ್ರತಿ ಪುಸ್ತಕದ ಹಿಂಬದಿಗೆ ನಾವೊಂದು ಚೀಟಿ ಅಂಟಿಸುತ್ತಿದ್ದೆವು. ಪುಸ್ತಕ ಹೊರಗೆ ಹೋದ ದಿನ ಅದರ ಮೇಲೆ ನೇರಳೆ ಶಾಯಿಯ ಮೊಹರು. ಪತ್ತೇದಾರಿ ಮತ್ತು ಸಾಮಾಜಿಕ ಕಾದಂಬರಿಗಳ ಚೀಟಿಗಳು ವರ್ಷವಿಡೀ ಒಂದೇ ಸಮನೆ ತುಂಬುತ್ತಿದ್ದವು. ವೈಜ್ಞಾನಿಕ ಕಾದಂಬರಿಗಳ ಚೀಟಿಗಳ ರೀತಿಯೇ ಬೇರೆ. ಚಂದ್ರನಿಗೆ ಹೋಗುವ ಕಥೆಯ ಒಂದು ತೆಳು ಪುಸ್ತಕದ ಚೀಟಿಯಲ್ಲಿ 1969ರ ಜುಲೈ ಆಗಸ್ಟ್‌ ಮೊಹರುಗಳು ಒಂದರ ಮೇಲೊಂದು ಬಿದ್ದು ತಾರೀಖು ಓದಲು ಬರದಂತಾಗಿವೆ. ಆಮೇಲೆ ದೊಡ್ಡ ಖಾಲಿ ಜಾಗ. ಮತ್ತೆ 1984ರ ಏಪ್ರಿಲ್‌ನಲ್ಲಿ, ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ, ಮೊಹರುಗಳ ಇನ್ನೊಂದು ಗುಂಪು. ಕೇಬಲ್ ಟಿವಿ ಬಂದ ಮೇಲೆ ಶಾಯಿಯೇ ಇಲ್ಲ.

1969ರಲ್ಲಿ ನಾನು ಶಾಲೆಗೆ ಹೋಗುವ ಹುಡುಗ. ಜೂಲ್ಸ್ ವರ್ನ್ 1865ರಲ್ಲೇ ತನ್ನ ಕಾದಂಬರಿಯಲ್ಲಿ ಮೂವರನ್ನು ಫ್ಲಾರಿಡಾದಿಂದ ಫಿರಂಗಿಯಲ್ಲಿಟ್ಟು ಚಂದ್ರನತ್ತ ಹಾರಿಸಿದ್ದನೆಂದೂ, ಈಗ ಅದೇ ಫ್ಲಾರಿಡಾದಿಂದ ಮೂವರೇ ಹೋಗಿದ್ದಾರೆಂದೂ ತಂದೆಯವರು ಬಂದವರಿಗೆಲ್ಲ ಹೇಳಿ ಪುಸ್ತಕ ದಾಟಿಸುತ್ತಿದ್ದರು. ವ್ಯಾಪಾರ ಜೋರಾಗಿತ್ತು. ಆದರೆ ಕೆಲವೇ ತಿಂಗಳಲ್ಲಿ ರೈಲ್ವೆ ಕ್ವಾರ್ಟರ್ಸಿನ ಹುಡುಗರು ಪುಸ್ತಕ ಮರಳಿಸುತ್ತ, ಇದೆಲ್ಲ ಆಗಿಹೋಯಿತಲ್ಲ, ಹೊಸದೇನಾದರೂ ಕೊಡಿ ಎನ್ನತೊಡಗಿದರು. ಮಾಯವಾಗುವ ಮನುಷ್ಯನ ಕಥೆಗೆ ಮಾತ್ರ ಆ ಗತಿ ಬರಲಿಲ್ಲ. ಯಂತ್ರ ಕೈಗೆ ಬಂದ ದಿನ ಯಂತ್ರದ ಕಥೆ ಹಳತಾಗುತ್ತದೆ. ಕಾಣದಂತೆ ಓಡಾಡುವ ಶಕ್ತಿ ಸಿಕ್ಕವನು ಏನೇನು ಮಾಡಿಯಾನು ಎಂಬ ಕುತೂಹಲ ಅಷ್ಟು ಬೇಗ ತೀರುವುದಿಲ್ಲ.

ನನ್ನ ಮಗಳ ಓರಗೆಯವರಿಗೆ ಈ ಹುಚ್ಚು ಹತ್ತಿದ್ದು ಪುಸ್ತಕದಿಂದಲ್ಲ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಇಂಗ್ಲಿಷಿನಲ್ಲೇ ಬರುತ್ತಿತ್ತು. ಅರ್ಥವಾಗಲಿ ಬಿಡಲಿ, ಓಣಿಯ ಮಕ್ಕಳೆಲ್ಲ ಟಿವಿ ಇದ್ದವರ ಮನೆಯಲ್ಲಿ ಜಮಾಯಿಸುತ್ತಿದ್ದರು. 1994ರಲ್ಲಿ ‘ಜುರಾಸಿಕ್ ಪಾರ್ಕ್’ ಹಿಂದಿಯಲ್ಲಿ ಬಂದಾಗ ಹುಬ್ಬಳ್ಳಿಗೆ ಹೋಗಿ ನೋಡಿಬಂದ ಹುಡುಗರು ವಾರಗಟ್ಟಲೆ ಡೈನೊಸಾರ್ ಬಗ್ಗೆ ಮಾತನಾಡಿದರು, ಅದೂ ಹಿಂದಿ ಸಂಭಾಷಣೆಗಳ ಸಮೇತ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಪಟ್ಟು ನಮ್ಮ ಚಿತ್ರರಂಗದಲ್ಲಿ ಬಿಗಿಯಾಗಿದ್ದ ಕಾಲವದು. (ಅದಕ್ಕೆ ಅದರದೇ ಕಾರಣಗಳಿದ್ದವು, ಆ ಜಗಳ ಈಗ ಬೇಡ.) ಆದರೆ ಒಂದು ಇಡೀ ತಲೆಮಾರು ನಾಳೆಯ ಲೋಕವನ್ನು ಪರಭಾಷೆಯಲ್ಲೇ ಕಂಡಿತೆಂಬುದು ಸುಳ್ಳಲ್ಲ.

ಈಗ ಮೊಮ್ಮಗನ ಸರದಿ. ಗದಗ ಮುಂಡರಗಿ ರಸ್ತೆಯಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಲಾರಿ ತಿರುವಿನಲ್ಲಿ ಹಿಂದೆ ಮುಂದೆ ಸರಿಯುವುದನ್ನು ನಾನು ಬಾಯಿ ತೆರೆದು ನೋಡುತ್ತ ನಿಂತರೆ, ದಾರಿ ಯಾವಾಗ ಬಿಡುತ್ತಾರೆ ಎಂದು ಅವನು ಗೊಣಗುತ್ತಾನೆ. ಅವನು ಅದೇ ಮೊಬೈಲಿನಲ್ಲಿ ಅನ್ಯಗ್ರಹದವರ ಕುರಿತ ಒಂದು ಧಾರಾವಾಹಿಯನ್ನು ರಾತ್ರಿಯೆಲ್ಲ ಕುಳಿತು ನೋಡಿದ. ಅದು ಚೀನಾದ ಲಿಯು ತ್ಸಿಶಿನ್ ಅವರ ಕಾದಂಬರಿಯನ್ನು ಆಧರಿಸಿದ್ದು. ಮೊದಲು ಪ್ರಕಟವಾದದ್ದು 2006ರಲ್ಲಿ, ಚೆಂಗ್ಡು ನಗರದ ಒಂದು ಮಾಸಪತ್ರಿಕೆಯಲ್ಲಿ, ಕಂತು ಕಂತಾಗಿ. 2015ರಲ್ಲಿ ಅದರ ಇಂಗ್ಲಿಷ್ ಅನುವಾದಕ್ಕೆ, ವಿಜ್ಞಾನ ಕಥೆಗಳಿಗೆಂದೇ ಇರುವ ಹೆಸರಾಂತ ಹ್ಯೂಗೊ ಪ್ರಶಸ್ತಿ ಬಂತು. 1979ರಲ್ಲಿ ಹುಟ್ಟಿದ ಆ ಪತ್ರಿಕೆಯನ್ನು ಅಲ್ಲಿಯವರು ಕಷ್ಟಕಾಲದಲ್ಲೂ ನಿಲ್ಲಿಸಲಿಲ್ಲ. ಪುರವಣಿಯ ಲೇಖಕರು ಇದನ್ನು ಗಮನಿಸಬೇಕಿತ್ತು. ಮೊಬೈಲು ಓದನ್ನು ತಿಂದುಹಾಕುತ್ತದೆ ಎಂಬುದೇ ಪೂರ್ತಿ ಸತ್ಯವಾಗಿದ್ದರೆ, ಚೀನಾದ ಮಕ್ಕಳ ಕೈಯಲ್ಲಿ ಇರುವುದೇನು?

ಅಮೆರಿಕದ ಕಥೆಯೂ ಅದೇ, ಅಲ್ಲೂ ದಾರಿ ಮಾಡಿದ್ದು ಪತ್ರಿಕೆಯೇ. ರೇಡಿಯೊ ಬಿಡಿಭಾಗಗಳ ವ್ಯಾಪಾರ ಮಾಡಿ, ರೇಡಿಯೊ ಪತ್ರಿಕೆ ನಡೆಸುತ್ತಿದ್ದ ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ಅಗ್ಗದ ಕಾಗದದ ಮೇಲೆ ಬರೀ ಇಂಥ ಕಥೆಗಳದೇ ಪತ್ರಿಕೆ ತಂದರು. ಓದುಗರ ಪತ್ರಗಳ ಕೆಳಗೆ ಅವರ ಪೂರ್ತಿ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ಅದನ್ನು ನೋಡಿ ಓದುಗರು ಒಬ್ಬರಿಗೊಬ್ಬರು ಬರೆದುಕೊಂಡರು, ಕೂಟ ಕಟ್ಟಿದರು. ಮುಂದೆ ಅವರಲ್ಲೇ ಹಲವರು ಲೇಖಕರಾದರು. ವಾಚಕರ ವಾಣಿಯ ಬೆಲೆ ತಮಗೆ ನಾನು ಹೇಳಬೇಕಿಲ್ಲ.

ಅಷ್ಟು ದೂರವೇಕೆ, ಪಕ್ಕದ ಮರಾಠಿಯನ್ನೇ ನೋಡಿ. ಮರಾಠಿ ವಿಜ್ಞಾನ ಪರಿಷತ್ತು 1974ರಲ್ಲಿ ನಡೆಸಿದ ಕಥಾಸ್ಪರ್ಧೆಗೆ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಬೇರೆ ಹೆಸರಿನಲ್ಲಿ ಕಥೆ ಕಳಿಸಿ ಗೆದ್ದರು. ತಮ್ಮ ಹೆಸರು ನೋಡಿ ತೀರ್ಪುಗಾರರು ಮಣಿಯಬಾರದೆಂದು ಹಾಗೆ ಮಾಡಿದ್ದರು. ನಂತರ ಅವರು ಆ ಭಾಷೆಯ ದೊಡ್ಡ ವಿಜ್ಞಾನ ಕಥೆಗಾರರಾದರು. ನಮ್ಮಲ್ಲಿ ಏನೂ ಇರಲಿಲ್ಲವೆಂದಲ್ಲ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಪತ್ರಿಕೆ ವಿಜ್ಞಾನದ ಬರಹಗಳಿಗೆ ಮನೆಮನೆಯಲ್ಲಿ ಓದುಗರನ್ನು ತಯಾರು ಮಾಡಿತು. ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರವನ್ನೇ ಹಿಡಿದು ಬರೆದರು. ಆದರೆ ಆಮೇಲೆ ಬಂದ ಹುಡುಗರಿಗೆ ಕಥೆ ಕಳಿಸಲು ಜಾಗ ಕಡಿಮೆಯಾಗುತ್ತ ಹೋಯಿತು.

ಆ ಹುಡುಗರು ಇಲ್ಲವೇ ಎಂದು ಕೇಳಬಹುದು. ನಮ್ಮ ಓಣಿಯಲ್ಲೇ ಒಬ್ಬಳಿದ್ದಾಳೆ, ಪದವಿ ಓದುತ್ತಿರುವವಳು. ಲಕ್ಕುಂಡಿಯ ಕಡೆ ಅವಳ ತಂದೆಯ ಎರೆ ಹೊಲವಿದೆ. ಮೊಬೈಲಿನಲ್ಲಿ ಬರೆದಿಟ್ಟ ತನ್ನ ಕಥೆಯನ್ನು ಅವಳು ನನಗೆ ಓದಿಸಿದಳು. ಅದರಲ್ಲಿ ಬೆಳೆ ಸಮೀಕ್ಷೆಗೆ ಹೊಲಕ್ಕೆ ಯಾರೂ ಬರುವುದಿಲ್ಲ, ಉಪಗ್ರಹದ ಚಿತ್ರ ನೋಡಿ ಯಂತ್ರವೇ ತೀರ್ಮಾನಿಸುತ್ತದೆ. ಹೆಸರು ಕಾಯಿ ಕಟ್ಟಿ ನಿಂತ ಹೊಲವನ್ನು ಅದು ಬೀಳು ಎಂದು ದಾಖಲಿಸುತ್ತದೆ. ತಿದ್ದಿಸಲು ಹೋದರೆ, ತಿದ್ದುವ ಅಧಿಕಾರ ಯಾವ ಮನುಷ್ಯನಿಗೂ ಇಲ್ಲ. ಕೊನೆಗೆ ಅಪ್ಪ ಉಪಗ್ರಹ ಹಾಯುವ ಹೊತ್ತು ತಿಳಿದುಕೊಂಡು, ದಿನವೂ ತನ್ನ ಬಿಳಿ ಧೋತರವನ್ನು ಬೆಳೆಯ ಮೇಲೆ ಹರವಿ ಪಕ್ಕದಲ್ಲಿ ನಿಲ್ಲುತ್ತಾನೆ, ಇಲ್ಲೊಬ್ಬ ಇದ್ದಾನೆಂದು ಮೇಲಿನದಕ್ಕೆ ಕಾಣಲಿ ಎಂದು. ಭಾಷೆ ಅಲ್ಲಲ್ಲಿ ತೊಡರುತ್ತದೆ, ನಡುವೆ ಪಾಠ ಹೇಳುವ ಚಟವೂ ಇದೆ. ಆದರೂ ನಮ್ಮ ಅಂಗಡಿಯ ಎಷ್ಟೋ ರಾಕೆಟ್ ಕಾದಂಬರಿಗಳಿಗಿಂತ ಇದು ವಾಸಿ. ನಮ್ಮ ಕಾಲದವರು ಕಥೆಗಾಗಿ ಚಂದ್ರನವರೆಗೆ ಹೋಗಬೇಕಿತ್ತು, ಇವಳಿಗೆ ಗದಗ ತಾಲ್ಲೂಕಿನಲ್ಲೇ ಸಿಕ್ಕಿದೆ. ಇದನ್ನು ಎಲ್ಲಿಗೆ ಕಳಿಸಲಿ ಎಂದು ಕೇಳಿದಳು. ನನಗೆ ತಟ್ಟನೆ ಒಂದು ಹೆಸರೂ ಹೊಳೆಯಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ಈ ಸಲದ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ವಿಜ್ಞಾನ ಕಥೆಗೆ ಒಂದು ವಿಭಾಗ ಇಡಿ. ಹೆಸರು ಮುಚ್ಚಿಯೇ ತೀರ್ಪುಗಾರರಿಗೆ ಕೊಡಿ. ಗೆದ್ದವರ ಹೆಸರಿನ ಜೊತೆ ಊರನ್ನೂ ಅಚ್ಚು ಹಾಕಿ. ಹಾವೇರಿಯವನಿಗೆ ಧಾರವಾಡದಲ್ಲಿ ತನ್ನಂಥವನೊಬ್ಬನಿದ್ದಾನೆಂದು ತಿಳಿಯಲಿ. ಬಹುಮಾನದ ಮೊತ್ತ ಸಣ್ಣದಾದರೂ ನಡೆಯುತ್ತದೆ. ಮಕ್ಕಳ ಪುಟಕ್ಕೆ ಮಾತ್ರ ದಯವಿಟ್ಟು ತಳ್ಳಬೇಡಿ. ಹೊಲದಲ್ಲಿ ಧೋತರ ಹರವಿ ನಿಂತವನ ಕಥೆಯನ್ನು ಮೊದಲು ಓದಬೇಕಾದವರು ದೊಡ್ಡವರು.

ಇಂತಿ,
ಹಳೆಯ ಬಾಡಿಗೆ ಪುಸ್ತಕದ ಅಂಗಡಿಯವ, ಗದಗ