ಮಕ್ಕಳ ಹಳೆಯ ಪುಸ್ತಕ ರದ್ದಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಬರಹಗಾರರು ಎಳವೆಯಲ್ಲಿ ತಾವು ಓದಿದ್ದನ್ನು ನೆನೆದು ಬರೆದ ಪುಸ್ತಕ ಹಿಡಿದರೆ, ಅವರು ಹೆಸರಿಸಿದ್ದನ್ನೆಲ್ಲ ಹುಡುಕಿ ಓದಬೇಕೆನಿಸುತ್ತದೆ. ಹುಡುಕಲು ಹೊರಟಾಗಲೇ ಪೇಚು. 1949ರಲ್ಲಿ ಶುರುವಾದ ಕನ್ನಡ ಚಂದಮಾಮದ ಹಳೆಯ ಸಂಚಿಕೆಯಾಗಲಿ, ನಮ್ಮ ಕೊಪ್ಪಳ ಜಿಲ್ಲೆಯವರೇ ಆದ ಕವಿ ಸಿದ್ಧಯ್ಯ ಪುರಾಣಿಕರ ಮಕ್ಕಳ ಪದ್ಯಗಳ ಹಳೆಯ ಮುದ್ರಣವಾಗಲಿ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ದಪ್ಪ ರಟ್ಟಿನ ಕಾದಂಬರಿ ಬೀರುವಿನಲ್ಲಿ ಉಳಿಯುತ್ತದೆ. ಹತ್ತು ಮಕ್ಕಳ ಕೈ ದಾಟಿದ ತೆಳು ಪುಸ್ತಕ ಹರಿದು ರದ್ದಿಗೆ ಹೋಗುತ್ತದೆ.

ಇಂಥವು ಕೆಡುವುದು ಹೆಚ್ಚಾಗಿ ನಡುವಿನ ಪಿನ್ನಿನಿಂದ. ತೇವಕ್ಕೆ ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದ ತಿನ್ನುತ್ತದೆ, ನಡುಹಾಳೆ ಕಳಚುತ್ತದೆ. ಪಿನ್ನನ್ನು ಹೊರಗಿನಿಂದ ಜಗ್ಗಬಾರದು. ಒಳಗಿನ ಎರಡು ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ, ಆಮೇಲೆ ಹೊರಗಿನಿಂದ ಎಬ್ಬಿಸಬೇಕು. ಪಿನ್ನಿನ ಬದಲು ದಾರದಿಂದ ಹೊಲಿಯಲು ಮಡಿಕೆಯ ಮೇಲೆ ಮೂರು ತೂತು: ಒಂದು ನಟ್ಟನಡುವೆ, ಉಳಿದೆರಡು ತುದಿಗಳಿಂದ ಒಂದೂವರೆ ಇಂಚು ಒಳಗೆ. ಹತ್ತಿಯ ಗಟ್ಟಿ ದಾರ ಪುಸ್ತಕದ ಎತ್ತರದ ಎರಡೂವರೆ ಪಟ್ಟು ಇರಲಿ. ಸೂಜಿ ನಡುತೂತಿನಿಂದ ಹೊರಗೆ, ಮೇಲಿನದರಿಂದ ಒಳಗೆ, ನಡುವಿನದನ್ನು ಬಿಟ್ಟು ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನದರಿಂದ ಒಳಗೆ. ಒಳಗಿನ ಉದ್ದ ಹೊಲಿಗೆ ದಾರದ ಎರಡು ತುದಿಗಳ ನಡುವೆ ಬರುವಂತೆ ಗಂಟು ಹಾಕಿದರೆ ಮುಗಿಯಿತು.

ಹರಿದ ಹಾಳೆಗೆ ಸೆಲ್ಲೋಟೇಪು ಮಾತ್ರ ಬೇಡವೇ ಬೇಡ. ನಮ್ಮ ಬೇಸಿಗೆಗೆ ಅದರ ಅಂಟು ಕರಗಿ ಪಕ್ಕದ ಪುಟಕ್ಕೂ ಹತ್ತುತ್ತದೆ, ವರ್ಷಗಳು ಕಳೆದಂತೆ ಕಂದು ಕಲೆ ಬಿಟ್ಟು ಟೇಪು ಉದುರುತ್ತದೆ. ಒಂದು ಪಾಲು ಮೈದಾಕ್ಕೆ ಐದು ಪಾಲು ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕಲಕುತ್ತ ಕಾಯಿಸಿ, ಆರಿಸಿ, ಸೋಸಿದ ಅಂಟು ಸಾಕು. ತೆಳು ಬಿಳಿ ಟಿಶ್ಯೂ ಕಾಗದವನ್ನು ಕತ್ತರಿಸದೆ ಕೈಯಿಂದಲೇ ಹರಿದು ಪಟ್ಟಿ ಮಾಡಿದರೆ ಅಂಚಿನ ಎಳೆಗಳು ಚೆನ್ನಾಗಿ ಹಿಡಿಯುತ್ತವೆ. ಅಂಟು ಬಳಿಯುವಾಗ ಕೈ ಬಿಗಿಯಿರಲಿ. ಹೆಚ್ಚಾದರೆ ಹಾಳೆ ಸುಕ್ಕಾಗುತ್ತದೆ, ಹುಳವೂ ಬರುತ್ತದೆ. ಹುಳಕ್ಕೆಂದು ಬೈಂಡರುಗಳು ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಮಕ್ಕಳು ಮುಟ್ಟುವ ಪುಸ್ತಕಕ್ಕೆ ಸಲ್ಲದು.

ಮಾಸಪತ್ರಿಕೆಗಳನ್ನು ಒಟ್ಟಿಗೆ ಕಟ್ಟಿಸುವಾಗ ಮುಖಪುಟ, ಜಾಹೀರಾತು ಕಿತ್ತೆಸೆಯುವ ರೂಢಿಯಂತೂ ಶುದ್ಧ ಅವಿವೇಕ. ಮಕ್ಕಳ ನೆನಪಿನಲ್ಲಿ ಕಥೆಗಿಂತ ಮುಖಪುಟದ ಚಿತ್ರವೇ ಗಟ್ಟಿಯಾಗಿ ಕೂತಿರುತ್ತದೆ. ಜೊತೆಗೆ ಬೈಂಡರು ಮೂರೂ ಅಂಚು ಕತ್ತರಿಸಿದರೆ ಪುಟಸಂಖ್ಯೆಯೂ ಹೋದೀತು. ‘ಹೊದಿಕೆ ತೆಗೀಬ್ಯಾಡ್ರಿ, ಕಟಿಂಗ್ ಬ್ಯಾಡ’ ಎಂದು ಮೊದಲೇ ಹೇಳಿಬಿಡಬೇಕು.

ಕೊಪ್ಪಳ, ರಾಯಚೂರು, ಬಳ್ಳಾರಿಯ ಗ್ರಂಥಾಲಯಗಳು ರದ್ದಿ ಪಟ್ಟಿ ಮಾಡುವ ಮುನ್ನ ಪ್ರತಿ ಮಕ್ಕಳ ಪುಸ್ತಕದ ಒಂದು ಪ್ರತಿಯನ್ನಾದರೂ ತೆಗೆದಿಡಲಿ. ಹೊಲಿದ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಗೆದ್ದಲು ತಾಗದಂತೆ ಗೋಡೆಯಿಂದ ಅರ್ಧ ಅಡಿ ದೂರದ ಕಪಾಟಿನಲ್ಲಿಟ್ಟು, ಪೆಟ್ಟಿಗೆಯ ಮೇಲೆ ಹೆಸರು, ಮುದ್ರಣದ ವರ್ಷ ಬರೆದರೆ ಹುಡುಕಿ ಬಂದವರಿಗೆ ಸಿಕ್ಕೀತು.

– ಓದುಗರೊಬ್ಬರು, ಕೊಪ್ಪಳ