ನಿನ್ನ ತೆರಿಗೆಯಲ್ಲಿ ಓದಿದವನ ಪತ್ರ

ಪ್ರೀತಿಯ ಗೆಳೆಯನಿಗೆ,

ಮೊನ್ನೆ ನೀನು ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡೋಕೆ ನನಗೆ ಆಗಲಿಲ್ಲ. "ನಾನು ಹದಿನೇಳನೇ ವಯಸ್ಸಿಗೇ ವೆಲ್ಡಿಂಗ್ ಹಿಡಿದವನು. ನೀನು ಇಪ್ಪತ್ಮೂರರ ತನಕ ಓದಿದೆ. ನಿನ್ನ ಓದಿಗೆ ನನ್ನ ತೆರಿಗೆ ಯಾಕೆ ಹೋಗಬೇಕಿತ್ತು?" ಅಂದೆ. ನೀನು ಜಗಳಕ್ಕೆ ಕೇಳಿದ್ದಲ್ಲ. ಅದಕ್ಕೇ ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಎದುರಿಗೆ ಹೇಳೋಕೆ ಬಾರದ್ದನ್ನು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಮೊದಲಿಗೆ ಒಪ್ಪಿಕೊಳ್ಳುತ್ತೇನೆ. ನನ್ನ ಓದಿನ ಖರ್ಚಿನಲ್ಲಿ ನಿನ್ನ ಪಾಲೂ ಇತ್ತು. ಸೋಪು ಕೊಂಡರೂ ತೆರಿಗೆ, ಬಸ್ಸಿಗೆ ಹಾಕುವ ಡೀಸೆಲ್ಲಿಗೂ ತೆರಿಗೆ. ಸಂಬಳ ಕಡಿಮೆ ಇದ್ದವರು ತೆರಿಗೆ ಕಟ್ಟುವುದೇ ಇಲ್ಲ ಅನ್ನುವುದು ಸುಳ್ಳು. ನಾನು ಲೈಬ್ರರಿಯಲ್ಲಿ ಕೂತಿದ್ದಾಗ ನೀನು ಕಿಡಿ ಹಾರಿಸಿಕೊಂಡು ದುಡಿಯುತ್ತಿದ್ದೆ. ಓದು ಮುಗಿದ ಮೇಲೆ ನಿನಗಿಂತ ಜಾಸ್ತಿ ಸಂಬಳ ಎಣಿಸಿದವನೂ ನಾನೇ. ಈ ಲೆಕ್ಕ ಯಾರಿಗಾದರೂ ಚುಚ್ಚಬೇಕಾದ್ದೇ.

ನೀನು ಕೇಳಿದ್ದನ್ನೇ 1875ರಲ್ಲಿ ಕಾರ್ಲ್ ಮಾರ್ಕ್ಸ್ ಕೂಡ ಎತ್ತಿದ್ದರು. ಉನ್ನತ ಶಿಕ್ಷಣ ಪುಕ್ಕಟೆ ಅಂದರೆ, ಮೇಲಿನ ವರ್ಗದವರ ಮಕ್ಕಳ ಓದಿನ ಖರ್ಚನ್ನು ಎಲ್ಲರ ತೆರಿಗೆಯಿಂದ ಭರಿಸಿದಂತೆ, ಅನ್ನುವುದು ಅವರ ಆಕ್ಷೇಪ. ಕಾರ್ಮಿಕರ ಪರ ನಿಂತವರೇ ಹಾಗೆ ಹೇಳಿದ್ದರು ಅನ್ನುವುದನ್ನು ನಾನು ಸುಮ್ನೆ ದಾಟಿ ಹೋಗೋಕಾಗಲ್ಲ. ಆಗ ವಿಶ್ವವಿದ್ಯಾಲಯದ ಬಾಗಿಲಿಗೆ ಹೋಗುತ್ತಿದ್ದವರೇ ಉಳ್ಳವರ ಮಕ್ಕಳು. ಈಗಲೂ ಬಹಳ ಕಡೆ ಅವರೇ ಹೆಚ್ಚು.

ಬ್ರೆಜಿಲ್ ನೋಡು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಇಲ್ಲ, 1988ರ ಸಂವಿಧಾನದಲ್ಲೇ ಅದನ್ನು ಬರೆದಿದ್ದಾರೆ. ಆದರೆ ಒಳಗೆ ಹೋಗಬೇಕಾದರೆ ಕಷ್ಟದ ಪ್ರವೇಶ ಪರೀಕ್ಷೆ ಪಾಸಾಗಬೇಕು. ದುಡ್ಡು ಕೊಟ್ಟು ಒಳ್ಳೆಯ ಖಾಸಗಿ ಶಾಲೆಯಲ್ಲಿ ಓದಿದ ಮಕ್ಕಳು ಬೇಡಿಕೆಯ ಕೋರ್ಸುಗಳ ಪುಕ್ಕಟೆ ಸೀಟು ಹಿಡಿದರು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಎಷ್ಟೋ ಜನ ಫೀಸು ಕಟ್ಟಿ ಖಾಸಗಿ ಕಾಲೇಜು ಸೇರಬೇಕಾಯಿತು. ಕೊನೆಗೆ 2012ರಲ್ಲಿ ಕಾನೂನು ಮಾಡಿ, ಕೇಂದ್ರ ಸರ್ಕಾರದ ವಿಶ್ವವಿದ್ಯಾಲಯಗಳ ಅರ್ಧ ಸೀಟುಗಳನ್ನು ಸರ್ಕಾರಿ ಶಾಲೆಯಿಂದ ಬಂದವರಿಗೆ ಇಟ್ಟರು. ಫೀಸು ತೆಗೆದು ಹಾಕಿ ಕೈ ತೊಳೆದುಕೊಂಡರೆ ನಿನ್ನ ಪ್ರಶ್ನೆ ಹಾಗೇ ಉಳಿಯುತ್ತದೆ.

ಇಷ್ಟೆಲ್ಲ ಒಪ್ಪಿಕೊಂಡೂ, ತೆರಿಗೆ ದುಡ್ಡಲ್ಲೇ ಓದಿಸಬೇಕು ಅಂತ ನಾನು ಯಾಕೆ ಹಟ ಹಿಡಿಯುತ್ತೇನೆ ಗೊತ್ತಾ? ಅಕ್ಕನಿಂದಾಗಿ.

ಅಕ್ಕನಿಗೆ ಸೀಟು ಸಿಕ್ಕಿದ ಪತ್ರ ಬಂದ ದಿನ ನಿನಗೆ ನೆನಪಿರಲಿಕ್ಕಿಲ್ಲ. ಅಪ್ಪ ಅದನ್ನು ಎರಡು ಸಲ ಓದಿದರು. ಫೀಸಿನ ಸಾಲು ಬಂದ ಕಡೆ ಬೆರಳಿಟ್ಟರು. ಸಾಲ ಸಿಗುತ್ತಿತ್ತು, ಇಲ್ಲ ಅಂತಲ್ಲ. ಅಪ್ಪ ಬೈಯಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ಓದಿ ಮುಗಿಸಿದ ಮೇಲೆ ಕೆಲಸ ಸಿಗದಿದ್ದರೆ ಹೇಗಮ್ಮಾ ತೀರಿಸೋದು?" ಅಂತ ಕೇಳಿದರು, ಅಷ್ಟೇ. ಹದಿನೆಂಟರ ಹುಡುಗಿ ಅದಕ್ಕೆ ಏನು ಹೇಳಬೇಕು? ಪತ್ರ ಮಡಚಿ ಒಳಗಿಟ್ಟಳು. ಮುಂದಿನ ತಿಂಗಳು ಕೆಲಸಕ್ಕೆ ಸೇರಿದಳು.

ನಾಲ್ಕು ವರ್ಷ ಆದ ಮೇಲೆ ನನಗೆ ಸೀಟು ಸಿಕ್ಕಿತು. ನನ್ನ ಕೋರ್ಸಿನ ಖರ್ಚು ಸರ್ಕಾರವೇ ಹೊರುತ್ತಿತ್ತು. ಅಪ್ಪ ಏನೂ ಕೇಳಲಿಲ್ಲ. ಅಕ್ಕನ ಅಂಕ ನನಗಿಂತ ಜಾಸ್ತಿ ಕಣೋ. ನಾನು ಓದಿದ್ದಕ್ಕೂ ಅವಳು ಓದದೇ ಇದ್ದದ್ದಕ್ಕೂ ನಮ್ಮ ಬುದ್ಧಿ ಕಾರಣ ಆಗಿರಲಿಲ್ಲ.

ನೀನು ಮಷಿನ್ ಕೊಳ್ಳುವಾಗ ಬ್ಯಾಂಕು ಸಾಲ ಕೊಟ್ಟಿತು. ಕಟ್ಟದಿದ್ದರೆ ಮಷಿನ್ ಹೊತ್ತುಕೊಂಡು ಹೋಗಬಹುದು ಅನ್ನುವ ಧೈರ್ಯ ಅವರಿಗಿತ್ತು. ತಲೆಯೊಳಗಿನ ಓದನ್ನು ಹಾಗೆ ಹೊತ್ತುಕೊಂಡು ಹೋಗೋಕಾಗುತ್ತದಾ? ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1955ರಲ್ಲೇ ಈ ತೊಡಕನ್ನು ಬರೆದಿದ್ದರು. ಸರ್ಕಾರ ಕೈ ಹಾಕುವುದನ್ನು ಸಾಮಾನ್ಯವಾಗಿ ಒಪ್ಪದವರು ಅವರು. ಅಂಥವರೂ, ಮಾಮೂಲಿ ಸಾಲ ಓದಿಗೆ ಹೊಂದುವುದಿಲ್ಲ, ಓದಿದವನು ಮುಂದೆ ದುಡಿದದ್ದರಲ್ಲಿ ಒಂದು ಪಾಲು ಕೊಡಲಿ ಅಂದರು. ಅಮೆರಿಕ ಬೇರೆ ದಾರಿ ಹಿಡಿಯಿತು. ಅಲ್ಲಿ ದಿವಾಳಿಯಾದವನ ಬೇರೆ ಸಾಲಗಳನ್ನು ಕೋರ್ಟು ಎಷ್ಟೋ ಸಲ ಮನ್ನಾ ಮಾಡುತ್ತದೆ. ಓದಿನ ಸಾಲ ಮಾತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಈಗ ಆ ದೇಶದಲ್ಲಿ ಓದಿನ ಸಾಲದ ಮೊತ್ತ 1.6 ಲಕ್ಷ ಕೋಟಿ ಡಾಲರ್ ದಾಟಿದೆ.

ಆಸ್ಟ್ರೇಲಿಯಾದ ದಾರಿ ನನಗೆ ಸ್ವಲ್ಪ ಹಿಡಿಸುತ್ತದೆ. 1974ರಲ್ಲಿ ಅವರು ವಿಶ್ವವಿದ್ಯಾಲಯದ ಫೀಸು ತೆಗೆದರು. 1989ರಲ್ಲಿ ವರ್ಷಕ್ಕೆ 1,800 ಡಾಲರ್ ಅಂತ ಮತ್ತೆ ತಂದರು, ಆದರೆ ಸೇರುವಾಗ ಕಟ್ಟಲೇಬೇಕು ಅಂತಿರಲಿಲ್ಲ. ಓದು ಮುಗಿದು, ಸಂಬಳ ಒಂದು ಮಟ್ಟ ದಾಟಿದ ಮೇಲೆ ತೆರಿಗೆ ಇಲಾಖೆ ಸಂಬಳದಲ್ಲೇ ಹಿಡಿದುಕೊಳ್ಳುತ್ತದೆ. ಕೆಲಸ ಹೋದರೆ ಕಂತು ಇಲ್ಲ, ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ. ಅಪ್ಪ ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಇದೆ. ಆದರೂ ಅದು ಸಾಲವೇ. ಬೆಲೆ ಏರಿದ ಹಾಗೆ ಬಾಕಿಯೂ ಏರುತ್ತದೆ. 2023ರಲ್ಲಿ ಒಂದೇ ಏಟಿಗೆ 7.1 ಶೇಕಡಾ ಏರಿತ್ತು, ಆಮೇಲೆ ಸರ್ಕಾರವೇ ನಿಯಮ ತಿದ್ದಬೇಕಾಯಿತು.

ಇಂಗ್ಲೆಂಡಿನ ಕಥೆ ಓದಿದಾಗ ಭಯ ಆಯಿತು. 1998ರಲ್ಲಿ ವರ್ಷಕ್ಕೆ 1,000 ಪೌಂಡಿನಿಂದ ಶುರು. 2006ರಲ್ಲಿ 3,000ದ ತನಕ. 2012ರಲ್ಲಿ 9,000ದ ತನಕ. ಮಧ್ಯದಲ್ಲಿ ಬರೀ 14 ವರ್ಷ! ಅಲ್ಲೂ ಸಂಬಳ ನೋಡಿಯೇ ಕಂತು ಹಿಡಿಯುತ್ತಾರೆ, ತೀರದ ಬಾಕಿಯನ್ನು 30 ವರ್ಷಕ್ಕೆ ಬಿಟ್ಟುಬಿಡುತ್ತೇವೆ ಅಂದಿದ್ದರು. 2023ರಿಂದ ಸೇರಿದವರಿಗೆ ಅದನ್ನು 40 ವರ್ಷ ಮಾಡಿದರು. ಬಿಟ್ಟುಬಿಟ್ಟ ಬಾಕಿ ಯಾರ ತಲೆ ಮೇಲೆ ಬೀಳುತ್ತದೆ ಹೇಳು? ತೆರಿಗೆ ಕಟ್ಟುವವರ ಮೇಲೇ. ಓದಿದವನು ಅರ್ಧ ಆಯಸ್ಸು ಸಾಲಗಾರನಾಗಿ ಇರಬೇಕು, ಕೊನೆಗೆ ನೀನೂ ಕೊಡಬೇಕು.

ಜರ್ಮನಿಯವರು ಬೇಗ ಹಿಂದೆ ಸರಿದರು. 2005ರಲ್ಲಿ ಕೋರ್ಟು ದಾರಿ ಬಿಟ್ಟುಕೊಟ್ಟ ಮೇಲೆ ಏಳು ರಾಜ್ಯಗಳು ಫೀಸು ಹಾಕಿದವು, ಹೆಚ್ಚಿನ ಕಡೆ ಸೆಮಿಸ್ಟರಿಗೆ 500 ಯೂರೋ. ಜನ ಒಪ್ಪಲಿಲ್ಲ. 2014ರ ಹೊತ್ತಿಗೆ ಎಲ್ಲ ಏಳೂ ಅದನ್ನು ಕೈಬಿಟ್ಟವು.

ಆ ದೇಶದ ಇನ್ನೊಂದು ವಿಷಯ ನಿನಗೆ ಹೇಳಲೇಬೇಕು. ಅಲ್ಲಿ ವೆಲ್ಡಿಂಗ್, ಫಿಟ್ಟಿಂಗ್, ವೈರಿಂಗ್ ಕಲಿಯುವ ಹುಡುಗರು ವಾರದಲ್ಲಿ ಕೆಲವು ದಿನ ಕಂಪನಿಯಲ್ಲಿ ಕಲಿಯುತ್ತಾರೆ, ಉಳಿದ ದಿನ ಸರ್ಕಾರಿ ಖರ್ಚಿನ ಶಾಲೆಗೆ ಹೋಗುತ್ತಾರೆ. ಕಲಿಯುವಾಗಲೂ ಕಂಪನಿ ಅವರಿಗೆ ಸಂಬಳ ಕೊಡುತ್ತದೆ. ಇದನ್ನು ಓದಿದಾಗ ನಿನ್ನ ಮೊದಲ ಎರಡು ವರ್ಷ ಕಣ್ಮುಂದೆ ಬಂತು. ಸರಿಯಾದ ಕನ್ನಡಕ ಇಲ್ಲದೆ ಕಣ್ಣು ಉರಿಸಿಕೊಂಡದ್ದು, ಮೊಣಕೈ ಸುಟ್ಟುಕೊಂಡದ್ದು, ಕಲಿಯುವವನಿಗೆ ಯಾಕೆ ಸಂಬಳ ಅಂತ ಆ ಶೆಡ್ಡಿನವರು ಕೈಗೆ ಚಿಲ್ಲರೆ ಹಾಕಿ ಕಳಿಸಿದ್ದು. ನಾನು ಕಲಿತದ್ದು ಎಲ್ಲರ ಖರ್ಚಿನಲ್ಲಿ. ನೀನು ಕಲಿತದ್ದು ನಿನ್ನ ಮೈ ಖರ್ಚಿನಲ್ಲಿ. ನಿನ್ನ ಸಿಟ್ಟಿಗೆ ನಿಜವಾದ ಕಾರಣ ಇದೇ ಅಂತ ನನಗೀಗ ಅನ್ನಿಸುತ್ತಿದೆ. ನನ್ನ ಸೀಟಿನ ಫೀಸು ಹೆಚ್ಚಿಸಿದರೆ ಅದು ಸರಿಹೋಗಲ್ಲ, ಅಲ್ವಾ? ಶಾಲೆ ಮುಗಿದ ಮೇಲೆ ಯಾರು ಏನೇ ಕಲಿಯಲಿ, ಆ ಖರ್ಚಿಗೆ ಎಲ್ಲರೂ ಹೆಗಲು ಕೊಡಬೇಕು. ಕಲಿತು ಚೆನ್ನಾಗಿ ದುಡಿದವರಿಂದ ಆದಾಯ ತೆರಿಗೆಯಲ್ಲಿ ಜಾಸ್ತಿ ವಾಪಸ್ ಪಡೆಯಲಿ. ನನ್ನಿಂದಲೂ ಪಡೆಯಲಿ. ಈಗ ಪ್ರತಿ ತಿಂಗಳು ಹೋಗುವ ತೆರಿಗೆಯ ಬಗ್ಗೆ ನನಗೆ ದೂರಿಲ್ಲ. ನಿನಗೂ ಅಕ್ಕನಿಗೂ ಕೊಡಬೇಕಾದ್ದು ಅದರಲ್ಲಿದೆ.

ಇನ್ನು ನಿನ್ನ ಮಗಳ ವಿಷಯ. ಮುಂದಿನ ವರ್ಷ ಭೂವಿಜ್ಞಾನ ಓದುತ್ತೇನೆ ಅನ್ನುತ್ತಿದ್ದಾಳಂತೆ. "ಕೆಲಸ ಸಿಗುತ್ತಾ?" ಅಂತ ಅವಳನ್ನು ಮೊದಲೇ ಕೇಳಬೇಡ, ದಯವಿಟ್ಟು. ಫೀಸು ಇಲ್ಲದ ಸೀಟು, ವಿದ್ಯಾರ್ಥಿವೇತನ ಯಾವುದಿದೆ ಅಂತ ಮೊದಲು ಹುಡುಕೋಣ. ಕೊನೆಗೂ ಸಾಲವೇ ಗತಿ ಅಂತಾದರೆ, ಓದುವಾಗಲೇ ಬಡ್ಡಿ ಶುರುವಾಗುತ್ತದಾ, ಕೆಲಸ ಸಿಗುವ ತನಕ ಕಂತು ನಿಲ್ಲಿಸಬಹುದಾ, ಈ ಎರಡನ್ನೂ ಕೇಳಿ ತಿಳಿಯದೆ ಸಹಿ ಹಾಕಬೇಡ. ಭಾನುವಾರ ನಾನೇ ಬರುತ್ತೇನೆ. ಅಕ್ಕನೂ ಬರುತ್ತೇನೆ ಅಂದಿದ್ದಾಳೆ. ಆ ಅರ್ಜಿಗಳನ್ನೆಲ್ಲ ಅವಳೇ ಕೂತು ತುಂಬಿಸಿಕೊಡುತ್ತಾಳಂತೆ.

ನಿನ್ನ ಗೆಳೆಯ